ಅಟ್ಟದ ಮೇಲಿನ ಸ್ಪೈಕ್ಸ್

ಓದುಗರ ಪತ್ರ:
"ಹೋದ ತಿಂಗಳು ನಿಮ್ಮ ಪತ್ರಿಕೆಯಲ್ಲಿ ಓಟಗಾರ್ತಿಯೊಬ್ಬಳ ಸಿನಿಮಾದ ವಿಮರ್ಶೆ ಬಂದಿತ್ತು. 'ಆಟ ಆಡುವ ಮಕ್ಕಳಿರುವ ಮನೆಯವರೆಲ್ಲ ನೋಡಲೇಬೇಕು' ಅಂತ ಬರೆದಿದ್ದಿರಿ. ನನ್ನ ಮಗಳಿಗೆ 17 ವರ್ಷ. ಆರು ವರ್ಷದಿಂದ ಕಂಠೀರವ ಸ್ಟೇಡಿಯಂನಲ್ಲಿ 800 ಮೀಟರ್ ಪ್ರಾಕ್ಟೀಸ್ ಮಾಡುತ್ತಿದ್ದಾಳೆ. ಈ ಸಲದ ಮೀಟ್‌ನಲ್ಲಿ ಫೈನಲ್ ತಲುಪಿ ಕೊನೆಯವಳಾಗಿ ಬಂದಳು. ಸ್ವಲ್ಪ ಹುರುಪು ಬರಲಿ ಅಂತ ಆ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಮನೆಗೆ ಬಂದವಳೇ ಸ್ಪೈಕ್ಸನ್ನು (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ಕವರಿಗೆ ಹಾಕಿ ಅಟ್ಟದ ಮೇಲೆ ಇಟ್ಟಳು. 'ಅವಳಿಗೆ ತಾನು ಯಾರು ಅಂತ ಎರಡು ಹಾಡಲ್ಲಿ ಗೊತ್ತಾಯ್ತಮ್ಮ, ನನಗೆ ಆರು ವರ್ಷ ಸಾಕಾಗಲಿಲ್ಲ' ಅಂದಳು. ಅವರಪ್ಪ ಸಿಇಟಿ ಕೋಚಿಂಗ್‌ಗೆ ಸೇರಿಸೋಣ ಅನ್ನುತ್ತಿದ್ದಾರೆ. ಪಕ್ಕದ ಮನೆ ಹುಡುಗಿ ಈಗಷ್ಟೇ ಓಡೋಕೆ ಶುರು ಮಾಡಿದ್ದಾಳೆ. ಆ ಸ್ಪೈಕ್ಸ್ ಅವಳಿಗೆ ಕೊಟ್ಟುಬಿಡಲಾ? ಇಂಥ ಸಿನಿಮಾಗಳನ್ನು ನೀವು ಯಾಕೆ ಹೊಗಳುತ್ತೀರಿ?"
– ಹೆಸರು ಬೇಡ ಎಂದ ಓದುಗರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಈ ಪುಟದಲ್ಲಿ ನಾಲ್ಕೈದು ಸಾಲಿನ ಉತ್ತರ ಕೊಡುವುದು ನಮ್ಮ ವಾಡಿಕೆ. ಇವತ್ತು ಇಡೀ ಜಾಗ ನಿಮಗೆ. ಉಳಿದ ಪತ್ರಗಳು ಮುಂದಿನ ಸಂಚಿಕೆಯವರೆಗೆ ಕಾಯಲಿ.

ಮೊದಲು ನಮ್ಮ ತಪ್ಪು. "ನೋಡಲೇಬೇಕು" ಎಂಬ ಮಾತನ್ನು ಒಪ್ಪಿ ಅಚ್ಚಿಗೆ ಕಳಿಸಿದವನು ನಾನೇ. ಯಾರು, ಯಾವ ಹೊತ್ತಿನಲ್ಲಿ ನೋಡಬೇಕು ಅಂತ ಯೋಚಿಸಲಿಲ್ಲ. ಸೋತು ಇನ್ನೂ ಕಾಲಿನ ನೋವೇ ಹೋಗಿರದ ಹುಡುಗಿಯ ಮುಂದೆ ಬೇರೊಬ್ಬಳ ಗೆಲುವನ್ನು ಪರದೆ ತುಂಬ ತೋರಿಸಿದರೆ ಅವಳಿಗೆ ಹೇಗಾಗಬೇಡ? ಇದಕ್ಕೆ ನಿಮ್ಮಿಬ್ಬರ ಕ್ಷಮೆ ಕೇಳುತ್ತೇನೆ.

ಹಾಗಂತ ಈ ಜಾತಿಯ ಸಿನಿಮಾಗಳನ್ನು ಪೂರ್ತಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅವುಗಳ ದಾರಿ ನಮಗೆಲ್ಲ ಗೊತ್ತು. ಬಡತನ ಅಥವಾ ಅವಮಾನ, ಗದರುವ ಕೋಚ್, ಒಂದು ದೊಡ್ಡ ಸೋಲು, ಹಾಡು, ಕೊನೆಗೆ ಫೈನಲ್. ಇದರ ಮಧ್ಯೆ ಎಲ್ಲೋ ಒಂದು ಕಡೆ, ಸೋಲಿನ ಮರುದಿನ, ಹಾಡು ಶುರುವಾಗುವ ಮುಂಚೆ, ಓಟಗಾರ ಒಬ್ಬನೇ ಕೂತಿರುತ್ತಾನೆ. "ನಾನು ಇಷ್ಟು ದಿನ ಅಪ್ಪನಿಗೋಸ್ಕರ ಓಡಿದೆ" ಅನ್ನುತ್ತಾನೆ. ಇಲ್ಲವೇ "ಸಿಟ್ಟಿಗೆ ಓಡಿದೆ", "ಊರು ಬಿಟ್ಟು ಹೋಗೋಕೆ ಓಡಿದೆ" ಅನ್ನುತ್ತಾನೆ. ಎರಡೇ ನಿಮಿಷದ ದೃಶ್ಯ. ನನ್ನ ಪ್ರಕಾರ ಇಡೀ ಕತೆ ಇರುವುದೇ ಅಲ್ಲಿ. ಆದರೆ ನಿರ್ದೇಶಕರಿಗೆ ಅಷ್ಟರ ಮೇಲೆ ನಂಬಿಕೆ ಇರುವುದಿಲ್ಲ. ಅವನಿಗೆ ತಾನು ಯಾರೆಂದು ಗೊತ್ತಾಯಿತು ಅನ್ನುವುದಕ್ಕೆ ರಸೀತಿಯ ಹಾಗೆ ಕೊನೆಗೊಂದು ಪದಕ ಕೊಟ್ಟೇ ಕಳಿಸುತ್ತಾರೆ. ನೋಡುವ ಮಕ್ಕಳು ರಸೀತಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ಪದಕ ಬರಲಿಲ್ಲ ಅಂದರೆ ತನಗೇನೂ ಗೊತ್ತಾಗಿಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ಮಗಳಿಗೆ ಆಗಿರುವುದೂ ಇದೇ ಇರಬೇಕು.

ಅವಳು 800 ಮೀಟರ್ ಓಟಗಾರ್ತಿ ಆದ್ದರಿಂದ ಅವಳದೇ ಓಟದ ಒಂದು ಸಂಗತಿ ಹೇಳುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ ಮೊದಲಿನಿಂದ ಕೊನೆಯವರೆಗೆ ತಾನೇ ಮುಂದೆ ಓಡಿ, 1 ನಿಮಿಷ 40.91 ಸೆಕೆಂಡಿನಲ್ಲಿ ವಿಶ್ವ ದಾಖಲೆ ಮಾಡಿದರು. ಇದು ಅವಳಿಗೆ ಗೊತ್ತೇ ಇರುತ್ತದೆ. ಅದೇ ಓಟದಲ್ಲಿ ಎಂಟನೆಯವರಾಗಿ, ಅಂದರೆ ಕಟ್ಟಕಡೆಯಲ್ಲಿ ಬಂದವರು ಯಾರು ಅಂತ ಕೇಳಿ ನೋಡಿ. ಬ್ರಿಟನ್ನಿನ ಆಂಡ್ರ್ಯೂ ಒಸಾಗಿ. ಅವರ ಟೈಮಿಂಗ್ 1 ನಿಮಿಷ 43.77 ಸೆಕೆಂಡ್. ಅದಕ್ಕಿಂತ ಮುಂಚೆ ಅವರು ಅಷ್ಟು ವೇಗವಾಗಿ ಓಡಿರಲೇ ಇಲ್ಲ. 2000, 2004, 2008, ಈ ಮೂರೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರ ಟೈಮಿಂಗ್‌ಗಿಂತ ಅದು ಚೆನ್ನಾಗಿತ್ತು. ಆದರೂ ಅಂದು ಅವರು ಕೊನೆಯವರು. ಸಿನಿಮಾ ತೆಗೆದರೆ ಅವರು ಫ್ರೇಮಿನ ಹೊರಗೇ ಉಳಿಯುತ್ತಾರೆ. ಆದರೆ ಅವರ ಗಡಿಯಾರ ಅವರಿಗೆ ಏನು ಹೇಳಿತು ಅನ್ನುವುದು ಅವರಿಗೆ ಗೊತ್ತು. ನಿಮ್ಮ ಮಗಳ ಫೈನಲ್ ಬಗ್ಗೆ ಬರೆಯುವಾಗ ಅವಳು ಎಷ್ಟನೆಯವಳು ಅಂತ ಬರೆದಿದ್ದೀರಿ, ಟೈಮಿಂಗ್ ಬರೆದಿಲ್ಲ. ನಿಮ್ಮ ಮೇಲೆ ತಪ್ಪು ಹೊರಿಸಲು ಹೇಳುತ್ತಿಲ್ಲ. ನಾವೆಲ್ಲರೂ ಮೊದಲು ಕೇಳುವುದೇ ಅದನ್ನ ಅಲ್ವಾ?

ನಮ್ಮ ಊರಿನ ಅದಿತಿ ಅಶೋಕ್ ನೆನಪಿದ್ದಾರಾ? ಬೆಂಗಳೂರಿನ ಹುಡುಗಿ. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್. ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲದವರೂ ಶನಿವಾರ ಬೆಳಗ್ಗೆ ಎದ್ದು ಟೀವಿ ಮುಂದೆ ಕೂತಿದ್ದರು. ಅವರ ಅಮ್ಮನೇ ಕ್ಯಾಡಿಯಾಗಿ ಬ್ಯಾಗು ಹೊತ್ತಿದ್ದರು. ಒಂದೇ ಒಂದು ಹೊಡೆತದ ವ್ಯತ್ಯಾಸದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಆ ವಾರ ಅದಿತಿ ತನ್ನ ಬಗ್ಗೆ ಏನು ಕಂಡುಕೊಂಡರೋ ಅದನ್ನು ಆ ಒಂದು ಹೊಡೆತ ಕಿತ್ತುಕೊಳ್ಳಲು ಸಾಧ್ಯವಿಲ್ಲ ಅಂತ ನಾನು ನಂಬುತ್ತೇನೆ.

ಇದರ ಇನ್ನೊಂದು ಮಗ್ಗುಲೂ ಇದೆ. 2008ರಲ್ಲಿ ಬೀಜಿಂಗ್‌ನಲ್ಲಿ ಶೂಟರ್ ಅಭಿನವ್ ಬಿಂದ್ರಾ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನ ತಂದರು. ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ಆದರೆ ಗೆದ್ದ ಮೇಲೆ ಒಳಗೆಲ್ಲ ಖಾಲಿಯಾಗಿ, ಮುಂದೇನು ಅಂತ ತೋಚದೆ ಒದ್ದಾಡಿದ್ದನ್ನು ಅವರೇ ಹಲವು ಸಲ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಪದಕ ಕೊರಳಿಗೆ ಬಿದ್ದ ಮೇಲೂ "ನಾನು ಯಾಕೆ ಇದನ್ನು ಮಾಡುತ್ತಿದ್ದೇನೆ" ಎಂಬ ಪ್ರಶ್ನೆ ಹಾಗೇ ಉಳಿಯಬಹುದು.

ನನಗೆ ತುಂಬ ಇಷ್ಟವಾದ ಕತೆ ಮಾತ್ರ ನಮ್ಮ ಕರಾವಳಿಯದ್ದು. 2020ರ ಫೆಬ್ರವರಿ, ಐಕಳ ಕಂಬಳ. ಮೂಡುಬಿದಿರೆ ಕಡೆಯ ಕಟ್ಟಡ ಕಾರ್ಮಿಕ ಶ್ರೀನಿವಾಸ ಗೌಡ ಕೋಣಗಳ ಜೋಡಿಯ ಹಿಂದೆ ಕೆಸರಿನ ಕರೆಯಲ್ಲಿ, ಅಂದರೆ ಕಂಬಳದ ಓಟದ ಹಾದಿಯಲ್ಲಿ, 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕೂತು ಲೆಕ್ಕ ಹಾಕಿದರು. 100 ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ ದಾಖಲೆ 9.58. ಅಲ್ಲಿಂದ ಗಲಾಟೆ ಶುರು. ಆಗಿನ ಕೇಂದ್ರ ಕ್ರೀಡಾ ಸಚಿವರು ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರಕ್ಕೆ ಟ್ರಯಲ್ಸ್‌ಗೆ ಕರೆಸುತ್ತೇವೆ ಅಂದರು. ದೇಶಕ್ಕೆ ದೇಶವೇ ಅವರನ್ನು ಒಲಿಂಪಿಕ್ಸ್‌ಗೆ ಕಳಿಸಲು ತುದಿಗಾಲಲ್ಲಿ ನಿಂತಿತ್ತು. ಆ ಮನುಷ್ಯ ಟ್ರಯಲ್ಸ್‌ಗೆ ಬರಲು ಒಪ್ಪಲಿಲ್ಲ. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಅಂದರು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿಗೆ ಕೆಲಸ ಎಂದು ವಿವರಿಸಿದರು.

ಆ ದಿನಗಳಲ್ಲಿ ನಮ್ಮ ಆಫೀಸಿನಲ್ಲೂ ಕೆಲವರು ಬೇಜಾರು ಮಾಡಿಕೊಂಡರು. ಎಂಥ ಅವಕಾಶ ಬಿಟ್ಟ ಅಂತ. ನನಗೆ ಹಾಗನ್ನಿಸಲಿಲ್ಲ. ಎಲ್ಲರೂ ಸೇರಿ ಬೆನ್ನು ತಟ್ಟಿ ನೀನು ಬೋಲ್ಟ್ ಕಣಯ್ಯಾ ಅನ್ನುವಾಗ, ಅಲ್ಲ, ನಾನು ಕಂಬಳದ ಓಟಗಾರ ಅನ್ನಬೇಕಾದರೆ ತನ್ನ ಕಾಲು ಏನು, ತನ್ನ ನೆಲ ಯಾವುದು ಅಂತ ಎಷ್ಟು ಚೆನ್ನಾಗಿ ಗೊತ್ತಿರಬೇಕು! ಅಂದು ಅವರ ಪಾದದ ಕೆಳಗಿದ್ದದ್ದು ಕೆಸರು, ಕೈಯಲ್ಲಿ ಹಗ್ಗ, ಮುಂದೆ ಎರಡು ಕೋಣ. ಆ ಓಟವನ್ನು ಅದರಿಂದ ಬಿಡಿಸಿ ತಂದು ಕೆಂಪು ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಇಡಲು ಆಗುವುದಿಲ್ಲ ಎಂದು ಮಿಕ್ಕವರಿಗಿಂತ ಮುಂಚೆ ಅವರಿಗೆ ತಿಳಿದಿತ್ತು.

ಕೆಲವು ಸಲ ಇದು ಉಲ್ಟಾ ಕೂಡ ಆಗುತ್ತದೆ. ಪಿ.ಟಿ. ಉಷಾ 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್‌ನಲ್ಲಿ ಬೆಳ್ಳಿ ಗೆದ್ದ ಸ್ಪ್ರಿಂಟರ್. ಎರಡೇ ವರ್ಷದಲ್ಲಿ, ಒಲಿಂಪಿಕ್ಸ್ ನಡೆದ ಲಾಸ್ ಏಂಜಲೀಸ್‌ನಲ್ಲಿ ಅವರು ಓಡಿದ್ದು 400 ಮೀಟರ್ ಹರ್ಡಲ್ಸ್. ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ಕಂಚು ಕೈತಪ್ಪಿತು. ಆ ನೂರರಲ್ಲೊಂದು ಭಾಗದ ಬಗ್ಗೆ ನಾವು ಇವತ್ತಿಗೂ ಮರುಗುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಷ್ಟು ಹೆಸರು ಮಾಡಿದ ಮೇಲೂ ಹೊಸ ಓಟವೊಂದನ್ನು ಮೊದಲಿಂದ ಕಲಿಯಲು ಅವರು ಒಪ್ಪಿದ್ದು. ನಿಮ್ಮ ಮಗಳ ಓಟ 800 ಅಲ್ಲದೆ ಬೇರೆ ಇರಬಹುದಾ ಅಂತ ಕೋಚ್ ಹತ್ತಿರ ಯಾವತ್ತಾದರೂ ಮಾತಾಡಿದ್ದೀರಾ? ಕೊನೆಯ ನೂರು ಮೀಟರಿನಲ್ಲಿ ಹಿಂದೆ ಬೀಳುತ್ತಾಳೋ, ಅಥವಾ ಕೊನೆಯ ಸುತ್ತಿನ ಬೆಲ್ ಹೊಡೆದ ಮೇಲೇ ಅವಳಿಗೆ ಉಸಿರು ಕುದುರುತ್ತದೋ? ಎರಡನೆಯದಾದರೆ 1500 ಓಡಿಸಿ ನೋಡಬಹುದು.

ಈಗ ನನ್ನದೇ ಒಂದು ವಿಷಯ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿಲ್ಲ. ಕಾಲೇಜಿನಲ್ಲಿ ನಾನೂ ಓಡುತ್ತಿದ್ದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಮೊದಲ ಬಸ್ಸಿಗೆ ಕಾರ್ಪೊರೇಷನ್ ಹತ್ತಿರ ಇಳಿದು ಕಂಠೀರವಕ್ಕೆ ಹೋಗುತ್ತಿದ್ದೆ. ಜೊತೆಗೆ ನನ್ನ ಅಣ್ಣ. ಅವನು ನನಗಿಂತ ಎಷ್ಟೋ ಚೆನ್ನಾಗಿ ಓಡುತ್ತಿದ್ದ. ಅವನಿಗೆ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ. ಮಾರನೆಯ ವಾರ ಒಬ್ಬನೇ ಹೋದೆ. ಎರಡು ಸುತ್ತು ಓಡಿ ಎಂದಿನಂತೆ ಗ್ಯಾಲರಿ ಕಡೆ ನೋಡಿದೆ. ಅಲ್ಲಿ ಅಣ್ಣ ಇರಲಿಲ್ಲ. ಆಗ ಗೊತ್ತಾಯಿತು, ನಾನು ಅಷ್ಟು ವರ್ಷ ಓಡಿದ್ದು ಅವನು ನೋಡಲಿ ಅಂತ. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದೆ. ಆಮೇಲೆ ಹನ್ನೆರಡು ವರ್ಷ ಓಡಲಿಲ್ಲ.

ಆ ಹನ್ನೆರಡು ವರ್ಷ ನಾನು ಸೋತವನು ಎಂದೇ ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ಸುಮ್ನೆ ನಡೆಯುತ್ತಿದ್ದೆ. ಕೆರೆ ಏರಿಯ ಮೇಲೆ ಬಂದಾಗ ಕಾಲು ತಾನಾಗೇ ಓಡತೊಡಗಿತು. ಚಪ್ಪಲಿಯಲ್ಲಿದ್ದೆ. ಏರಿ ಮುಗಿಯುವವರೆಗೂ ಓಡಿದೆ, ತಿರುಗಿ ಮತ್ತೆ ಓಡಿದೆ. ಯಾರೂ ನೋಡುತ್ತಿರಲಿಲ್ಲ. ನನಗೆ ಓಟ ಇಷ್ಟ ಅಂತ ಅವತ್ತು ಮೊದಲ ಸಲ ತಿಳಿಯಿತು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ.

ಆದ್ದರಿಂದ ನಿಮ್ಮ ಮಗಳು "ನನಗೆ ಆರು ವರ್ಷ ಸಾಕಾಗಲಿಲ್ಲ" ಅಂದದ್ದು ನನಗೆ ಸೋಲಿನ ಮಾತಾಗಿ ಕೇಳಿಸಲಿಲ್ಲ. ನಾನು ಮೇಲೆ ಹೇಳಿದ ಎರಡು ನಿಮಿಷದ ದೃಶ್ಯ ಈಗ ನಿಮ್ಮ ಮನೆಯಲ್ಲಿ ನಡೆಯುತ್ತಿದೆ. ಅವಳು ಕೂತಿದ್ದಾಳೆ, ಕೇಳಿಕೊಳ್ಳುತ್ತಿದ್ದಾಳೆ. ದಯವಿಟ್ಟು ಯಾರೂ ಹಾಡು ಹಾಕಬೇಡಿ.

ಇನ್ನು ಕೆಲವು ಕೆಲಸದ ಮಾತು. ಹದಿನೈದರಿಂದ ಹದಿನೆಂಟರ ನಡುವೆ ಹುಡುಗಿಯರ ಮೈ ಬದಲಾಗುತ್ತದೆ. ಎಷ್ಟೇ ಕಷ್ಟಪಟ್ಟರೂ ಒಂದೆರಡು ವರ್ಷ ಟೈಮಿಂಗ್ ಅಲ್ಲೇ ನಿಂತುಬಿಡುವುದು ಅನೇಕರಿಗೆ ಆಗುತ್ತದೆ. ಅದನ್ನು ಕೆಲವು ಕೋಚ್‌ಗಳು ಸೋಮಾರಿತನ ಅಂದುಬಿಡುತ್ತಾರೆ, ಮಕ್ಕಳೂ ನಂಬುತ್ತಾರೆ. ಜೊತೆಗೆ ಓಡುವ ಹುಡುಗಿಯರಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದು ಜಾಸ್ತಿ. ಮೆಟ್ಟಿಲು ಹತ್ತುವಾಗಲೂ ಏದುಸಿರು, ಸದಾ ಸುಸ್ತು ಇದ್ದರೆ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಎರಡನ್ನೂ ಪರೀಕ್ಷೆ ಮಾಡಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಇದೊಂದು ವಿಷಯವನ್ನು ಯಾವ ಸಿನಿಮಾದಲ್ಲೂ ನಾನು ನೋಡಿಲ್ಲ, ಆದರೆ ಎಷ್ಟೋ ಓಟಗಳು ನಿಂತುಹೋಗುವುದು ಇಲ್ಲೇ.

ನಿಮ್ಮ ಯಜಮಾನರ ಚಿಂತೆಯನ್ನು ನಾನು ತಳ್ಳಿಹಾಕುವುದಿಲ್ಲ. ಸಿಇಟಿ ಬೇಕೇ ಬೇಕು, ಓದಲಿ. ಸ್ಪೋರ್ಟ್ಸ್ ಕೋಟಾದ ಆಸೆ ತೋರಿಸಿ ಓಡಿಸಬೇಡಿ, ಅಷ್ಟೇ. ಅಣ್ಣನಿಗೋಸ್ಕರ ಓಡಿದವನು ನಾನು. ಸೀಟಿಗೋಸ್ಕರ ಓಡುವುದು ಅದಕ್ಕಿಂತ ಭಾರ. ಎರಡು ತಿಂಗಳು ಅವಳು ಏನನ್ನೂ ತೀರ್ಮಾನ ಮಾಡದೆ ಇರಲಿ. ಕೊನೆಗೆ ಓಟ ಬೇಡ ಅಂದರೂ ಅದು ಅವಳದೇ ಮಾತಾಗಿದ್ದರೆ ಒಪ್ಪಿಕೊಳ್ಳಿ. ಶ್ರೀನಿವಾಸ ಗೌಡರ ಕತೆಯನ್ನು ಅಪ್ಪ ಮಗಳು ಇಬ್ಬರಿಗೂ ಹೇಳಿ.

ಸ್ಪೈಕ್ಸ್ ಬಗ್ಗೆ ಕೇಳಿದ್ದೀರಿ. ಪಕ್ಕದ ಮನೆ ಮಗುವಿಗೆ ಈಗ ಬೇಕಿರುವುದು ಮಾಮೂಲಿ ರನ್ನಿಂಗ್ ಶೂ. ಶುರುವಿನಲ್ಲೇ ಸ್ಪೈಕ್ಸ್ ಹಾಕಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾಗಿ ಕೊಡಬೇಡಿ. ನೀವಾಗಿ ಕೆಳಗೆ ಇಳಿಸಿ ಅವಳ ಕಣ್ಣಿಗೆ ಬೀಳುವ ಹಾಗೆಯೂ ಇಡಬೇಡಿ. ಪ್ಲಾಸ್ಟಿಕ್ ಕವರಿನಿಂದ ಮಾತ್ರ ತೆಗೆದುಬಿಡಿ, ಒಳಗೆ ಹಳೆ ಪೇಪರ್ ತುರುಕಿ ಒಂದು ಬಟ್ಟೆ ಚೀಲಕ್ಕೆ ಹಾಕಿ ಅಲ್ಲೇ ಅಟ್ಟದ ಮೇಲಿಡಿ. ಮಳೆಗಾಲ, ಬೂಸ್ಟು ಹಿಡಿಯುತ್ತದೆ.

ನಿಮ್ಮ
ಸಂಪಾದಕ