ದೊಡ್ಡವರ ಕೈಗೂ ಒಂದು ಕೆಲಸ ಕೊಡಿ

ಸಂಪಾದಕರ ಉತ್ತರ

ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂತು, ಯಾರ ಒತ್ತಾಯವೂ ಇಲ್ಲದೆ ಕೈಗೆಲಸ ಮಾಡುವ ಕಮ್ಮಟಗಳನ್ನು ಅವರು ತಮ್ಮ ಮನೆಯ ಹಜಾರದಲ್ಲಿ ನಡೆಸುತ್ತಿದ್ದಾರೆ. ಇದುವರೆಗೆ ಮೂರು ಆಗಿವೆ. ಮೂರನೆಯದರಲ್ಲಿ ಆರು ಮಕ್ಕಳು, ಅವರ ನೆರವಿಗೆ ಪಕ್ಕದಲ್ಲಿ ಒಬ್ಬೊಬ್ಬ ದೊಡ್ಡವರು. ಮಾಡಬೇಕಾಗಿದ್ದದ್ದು ಕಾಗದದ ಗೂಬೆ. ಇಬ್ಬರು ಮಕ್ಕಳು ಹದಿನೈದು ನಿಮಿಷಕ್ಕೇ ಮುಗಿಸಿ ಹಜಾರದ ತುಂಬ ಓಡತೊಡಗಿದರು. ಮೂವರ ಗೂಬೆಗಳನ್ನು ಎರಡು ಗಂಟೆ ಕೂತು ಮುಗಿಸಿದವರು ಅವರ ಅಪ್ಪ ಅಮ್ಮಂದಿರು. ಆರನೆಯ ಹುಡುಗ ತನ್ನದನ್ನು ಹರಿದು ಹಾಕಿ ಅತ್ತ. “ನಿರಾಳ ಕಮ್ಮಟ ಎಂದು ಹೆಸರಿಟ್ಟು ನಾನೇ ಏದುಸಿರು ಬಿಟ್ಟೆ. ಇನ್ನು ಸ್ವಲ್ಪ ಬಿಗಿ ಮಾಡಬೇಕೇ? ದೊಡ್ಡವರನ್ನೂ ಮಕ್ಕಳನ್ನೂ ಬೇರೆ ಬೇರೆ ಕೂರಿಸಲೇ? ಕೊನೆಯಲ್ಲಿ ಪ್ರಮಾಣಪತ್ರವೋ ಬಹುಮಾನವೋ ಇದ್ದರೆ ಹುರುಪು ಬಂದೀತೇ?” ಎಂದು ಕೇಳಿದ್ದಾರೆ. ಅತ್ತ ಹುಡುಗನನ್ನು ಮತ್ತೆ ಕರೆಯುವುದೋ ಬೇಡವೋ ಎಂಬ ಪ್ರಶ್ನೆಯನ್ನು ಪತ್ರದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ.

ಮಾನ್ಯರೇ,

ಕಮ್ಮಟ ಎಂಬ ಪದದಿಂದಲೇ ಶುರು ಮಾಡುತ್ತೇನೆ. ಪದ ಹಿಡಿದು ಎಳೆಯುವುದು ಈ ಕುರ್ಚಿಯ ಹಳೆಯ ಚಟ, ಕ್ಷಮಿಸಿ. ಈಗ ನಾವು ಕಲಿಕೆಯ ಕೂಟಕ್ಕೆ ಬಳಸುವ ಈ ಪದದ ಹಳೆಯ ಅರ್ಥ ಟಂಕಸಾಲೆ, ಅಂದರೆ ನಾಣ್ಯ ಅಚ್ಚೊತ್ತುವ ಜಾಗ. ಅಲ್ಲಿ ಒಂದು ನಾಣ್ಯ ಇನ್ನೊಂದರಂತೆ ಇಲ್ಲದಿದ್ದರೆ ಅದು ಖೋಟಾ. ನಿಮ್ಮ ಹಜಾರದಲ್ಲಿ ಪದ ತನ್ನ ಹಳೆಯ ಅರ್ಥಕ್ಕೇ ಮರಳಿತು. ನೀವು ಹಿಂದಿನ ರಾತ್ರಿ ಕೂತು ಅಂದವಾದ ಒಂದು ಗೂಬೆ ಮಾಡಿ ಗೋಡೆಗೆ ಅಂಟಿಸಿದಿರಿ. ಅಲ್ಲಿಂದ ಮುಂದೆ ಯಾರ ಗೂಬೆ ಅಸಲಿ, ಯಾರದು ಖೋಟಾ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗುವಂತಾಯಿತು. ಆ ಹುಡುಗ ತನ್ನದರ ತೀರ್ಪನ್ನು ತಾನೇ ಬರೆದುಕೊಂಡ, ಅಷ್ಟೇ.

ಆದ್ದರಿಂದ ಬಿಗಿ ಬೇಡ. ಬಿಗಿ ಆಗಲೇ ಬೇಕಾದಷ್ಟಿತ್ತು. ಅದು ಗೋಡೆಯ ಮೇಲಿತ್ತು.

ಇನ್ನು ದೊಡ್ಡವರ ವಿಷಯ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಅವರ ಕಡೆಯಿಂದ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಅವರು ಕೆಟ್ಟವರೆಂದಲ್ಲ. ನೀವು ಅವರಿಗೆ ಕುರ್ಚಿ ಕೊಟ್ಟಿರಿ, ಕೆಲಸ ಕೊಡಲಿಲ್ಲ. ಕೈ ಖಾಲಿಯಿರುವ ದೊಡ್ಡವರು ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಲಾರರು. ಮೊದಲು ಕಣ್ಣು ಕೆಲಸ ಶುರು ಮಾಡುತ್ತದೆ, ಆಮೇಲೆ ಬಾಯಿ, ಕೊನೆಗೆ ಕೈ. ನಾನೂ ಅದೇ ಪೈಕಿ. ವರ್ಷಗಳ ಹಿಂದೆ ಅಣ್ಣನ ಮಗಳು ರಟ್ಟಿನ ಮನೆಯೊಂದನ್ನು ಮಾಡುತ್ತಿದ್ದಳು. ಕಿಟಕಿ ಸೊಟ್ಟಗಾಗುತ್ತಿದೆ ಎಂದು ನನಗೆ ತಡೆಯಲಾಗಲಿಲ್ಲ. “ಕೊಡು ಇಲ್ಲಿ” ಎಂದು ಕಿತ್ತುಕೊಂಡು, ಅಳತೆಪಟ್ಟಿ ಇಟ್ಟು ನೇರವಾಗಿ ಕತ್ತರಿಸಿಕೊಟ್ಟೆ. ಅವಳು ತಿರುಗಿಸಿ ನೋಡಿ, “ಚೆನ್ನಾಗಿದೆ ಚಿಕ್ಕಪ್ಪ, ನೀವೇ ಇಟ್ಟುಕೊಳ್ಳಿ” ಎಂದು ಎದ್ದು ಹೋದಳು. ವ್ಯಂಗ್ಯವಿರಲಿಲ್ಲ, ಅವಳ ಲೆಕ್ಕದಲ್ಲಿ ಅದು ನಿಜವಾಗಿಯೂ ನನ್ನದಾಗಿತ್ತು. ಆ ಮನೆ ಬಹಳ ದಿನ ನನ್ನ ಮೇಜಿನ ಮೇಲೆ ಕೂತು ನನ್ನನ್ನು ಹಂಗಿಸುತ್ತಿತ್ತು.

ಹಾಗಾಗಿ ಬೇರೆ ಬೇರೆ ಕೂರಿಸಬೇಡಿ. ಒಂದೇ ಮೇಜಿನ ಸುತ್ತ ಕೂರಿಸಿ, ದೊಡ್ಡವರಿಗೆ ಅವರದೇ ಆದ ಕೆಲಸ ಕೊಡಿ. ಮಗು ಮಾಡುತ್ತಿರುವುದರ ಪಕ್ಕದ್ದು, ಸ್ವಲ್ಪ ತೊಡಕಿನದು, ಮುಖ್ಯವಾಗಿ ಎರಡೂ ಕೈ ಬೇಡುವಂಥದ್ದು. ತಾಯಿಯೂ ತನ್ನ ಕೆಲಸದಲ್ಲಿ ತಪ್ಪಿ, ಬಿಚ್ಚಿ, ಮತ್ತೆ ಹೊಲಿಯುವುದನ್ನು ಮಗು ಓರೆಗಣ್ಣಿನಿಂದ ನೋಡುತ್ತದೆಯಲ್ಲ, ಅದರಷ್ಟು ಧೈರ್ಯ ಕೊಡುವ ಪಾಠವನ್ನು ನೀವು ಬಾಯಲ್ಲಿ ಹೇಳಲಾರಿರಿ. “ನನಗೆ ಕೈ ಬರುವುದಿಲ್ಲ, ಮಗನನ್ನು ಕರೆತಂದೆ ಅಷ್ಟೇ” ಎನ್ನುವವರು ಪ್ರತಿ ಸಲವೂ ಇಬ್ಬರಾದರೂ ಇರುತ್ತಾರೆ. ಅವರಿಗೆ ಇದನ್ನು ಹೇಳಿ: 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 39 ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಇಷ್ಟಬಂದದ್ದನ್ನು ಮಾಡಲು ಬಿಟ್ಟರು. ಮುಗಿದಾಗ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕೈಪಳಗಿದವರು, ಪಳಗದವರು ಎಂಬ ಭೇದ ಅಲ್ಲಿ ಕಾಣಲಿಲ್ಲ. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಸುಮ್ಮನೆ ಕೂತ ಇನ್ನೊಂದು ಗುಂಪೂ ಇರಲಿಲ್ಲ, ಆದ್ದರಿಂದ ಇದನ್ನು ಔಷಧದಂತೆ ಮಾರಬೇಡಿ. ಕುರ್ಚಿಯ ಅಂಚಿನಲ್ಲಿ ಕೂತವರನ್ನು ಮೇಜಿನ ಹತ್ತಿರಕ್ಕೆ ಎಳೆಯಲು ಇಷ್ಟು ಸಾಕು.

ಯಾವ ಕೆಲಸ ಎಂದು ಕೇಳುತ್ತೀರಿ. ನಾನಾದರೆ ಉಣ್ಣೆಯಿಂದ ಶುರು ಮಾಡುತ್ತಿದ್ದೆ. ಉಣ್ಣೆಯ ಎಳೆಯ ಮೈಮೇಲೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಣ್ಣ ಪೊರೆಗಳಿರುತ್ತವೆ. ಬೆಚ್ಚಗಿನ ಸೋಪಿನ ನೀರು ಸೋಕಿದಾಗ ಅವು ಬಿಚ್ಚಿಕೊಳ್ಳುತ್ತವೆ. ಕೈಯಲ್ಲಿ ಉಜ್ಜುತ್ತಾ ಹೋದರೆ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡು, ಮತ್ತೆ ಬಿಡಿಸಲಾಗದಂತೆ ಗಟ್ಟಿ ಹಾಳೆಯಾಗುತ್ತದೆ. ಸ್ವೆಟರನ್ನು ಬಿಸಿನೀರಿನಲ್ಲಿ ಒಗೆದು ಗೊಂಬೆಯ ಅಳತೆಗೆ ಇಳಿಸಿದವರಿಗೆ ಈ ವಿದ್ಯೆ ಆಗಲೇ ಗೊತ್ತು. ಸೂಜಿ ಬೇಡ, ಕತ್ತರಿ ಬೇಡ, ಗೆರೆಯ ಮೇಲೆ ಹೋಗಬೇಕೆಂಬ ನಿಯಮ ಬೇಡ. ಐದು ವರ್ಷದವಳು ಒಂದು ಉಂಡೆ ಉರುಳಿಸುವ ಹೊತ್ತಿಗೆ ಅವಳ ಅಪ್ಪ ಅಂಗೈಯಗಲದ ಚಿತ್ರವೊಂದನ್ನು ಮುಗಿಸಬಹುದು. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಮೊಣಕೈವರೆಗೆ ನೊರೆ ಮೆತ್ತಿಕೊಂಡವರು ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ. ಕೊಳ್ಳುವಾಗ ಒಂದು ಎಚ್ಚರ: ಯಂತ್ರದಲ್ಲಿ ಒಗೆದರೂ ಕುಗ್ಗದಂತೆ ಸಂಸ್ಕರಿಸಿದ ಉಣ್ಣೆ ಸಿಗುತ್ತದೆ. ಅದನ್ನು ಸಂಜೆಯವರೆಗೆ ಉಜ್ಜಿದರೂ ಕೂಡಿಕೊಳ್ಳುವುದಿಲ್ಲ.

ಓಡಾಡಿದ ಆ ಇಬ್ಬರು ಮಕ್ಕಳ ಬಗ್ಗೆ ನೀವು ತುಸು ಬೇಸರದಿಂದ ಬರೆದಿದ್ದೀರಿ. ಅವರ ಓಟವೇ ಕೆಲಸದ ಭಾಗವಾಗುವಂಥ ಕುಶಲಕಲೆಯೂ ಇದೆ. 1842ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಮುದ್ರಣ ಅದು. ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಎಲೆಯನ್ನೋ ಹೂವನ್ನೋ ಇಟ್ಟು ಕೆಲವು ನಿಮಿಷ ಬಿಸಿಲಿಗೆ ಒಡ್ಡಿ, ನೀರಿನಲ್ಲಿ ಅದ್ದಿದರೆ, ಬಿಸಿಲು ಬಿದ್ದಲ್ಲಿ ಗಾಢ ನೀಲಿ, ಎಲೆ ಇದ್ದಲ್ಲಿ ಬಿಳಿ. ಮರುವರ್ಷವೇ ಆ್ಯನಾ ಅಟ್ಕಿನ್ಸ್ ಎಂಬ ಸಸ್ಯವಿಜ್ಞಾನಿ ಕಡಲಪಾಚಿಗಳ ಚಿತ್ರಗಳನ್ನು ಹೀಗೆಯೇ ಅಚ್ಚಿಗಿಳಿಸತೊಡಗಿದರು. ಲೇಪಿಸಿ ಒಣಗಿಸಿದ ಕಾಗದವೇ ಸಿಗುವುದರಿಂದ ರಾಸಾಯನಿಕ ಬೆರೆಸುವ ತಾಪತ್ರಯ ನಿಮಗಿಲ್ಲ. ಬಳಸುವವರೆಗೆ ಕತ್ತಲಲ್ಲಿಟ್ಟರೆ ಸಾಕು. ಎಲೆ ಹೆಕ್ಕಿ ತರಲು ಓಡಬೇಕು, ಬಿಸಿಲಿಗೆ ಕಾಯಬೇಕು, ನೀರಿಗೆ ಓಡಬೇಕು. ಬೇಗ ಮುಗಿಸಿದವರು ಎರಡನೆಯದಕ್ಕೆ ಹೊಸ ಎಲೆ ಹುಡುಕುತ್ತಾರೆ. ಮೋಡದ ದಿನ ಮಾತ್ರ ಬಹಳ ಹೊತ್ತು ಕಾಯಬೇಕಾದೀತು, ಅದಕ್ಕೊಂದು ಬದಲಿ ಯೋಚಿಸಿಡಿ.

ಜೇಡಿಮಣ್ಣು ಒಳ್ಳೆಯದೇ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಮಾತಿನಲ್ಲಿ ಮೊದಲರ್ಧವನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ತಾನಾಗಿ ಒಣಗುವ ಮಣ್ಣಿಗೂ ಒಂದೆರಡು ದಿನ ಬೇಕು; ಅವಸರಕ್ಕೆ ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ಆನೆಯ ಸೊಂಡಿಲನ್ನು ಬರಿದೇ ಒತ್ತಿ ನಿಲ್ಲಿಸಿದರೆ ಒಣಗುವಾಗ ಕಳಚಿ ಬೀಳುತ್ತದೆ; ಎರಡೂ ಕಡೆ ಗೀರಿ, ಕಲಸಿದ ಮಣ್ಣಿನ ನೀರು ಬಳಿದು ಕೂಡಿಸಬೇಕು. ಈ ದಿನ ಮನೆಗೆ ಒಯ್ಯಲಾಗುವುದಿಲ್ಲ ಎಂಬುದನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಿ. ಕೊನೆಯ ನಿಮಿಷದಲ್ಲಿ ಹೇಳಿದರೆ ಆರೂ ಮಕ್ಕಳು ಅಳುತ್ತಾರೆ.

ಮಾದರಿಯನ್ನೇ ಇಡಬಾರದೇ? ಇಡಿ, ಮುಗಿದದ್ದನ್ನು ಇಡಬೇಡಿ. ಕಾಗದ ಮಡಿಸುವ ಕೆಲಸವಾದರೆ ಮೊದಲ ಮಡಿಕೆಯದೊಂದು, ಮೂರನೆಯ ಮಡಿಕೆಯದೊಂದು, ಐದನೆಯದೊಂದು ಹೀಗೆ ಅರ್ಧಂಬರ್ಧ ತುಂಡುಗಳನ್ನು ಸಾಲಾಗಿ ಮೇಜಿನ ನಡುವೆ ಜೋಡಿಸಿ. ಸಿಕ್ಕಿಹಾಕಿಕೊಂಡವರು ಕೈಗೆತ್ತಿಕೊಂಡು ಬಿಚ್ಚಿ ನೋಡಲಿ. ಒರಿಗಾಮಿ ಎಂಬ ಕಾಗದ ಮಡಿಸುವ ಕಲೆಯ ಜಪಾನೀ ಕಲಾವಿದ ಅಕಿರಾ ಯೋಶಿಜಾವಾ 1950ರ ದಶಕದಲ್ಲಿ ಚುಕ್ಕೆಗೆರೆ, ಬಾಣದ ಗುರುತುಗಳ ಒಂದು ಪದ್ಧತಿಯನ್ನು ಬಳಕೆಗೆ ತಂದರು. ಇಂದಿಗೂ ಒರಿಗಾಮಿಯ ಪುಸ್ತಕಗಳು ಅದರ ಆಧಾರದ ಮೇಲೆಯೇ ನಡೆಯುತ್ತವೆ. ಗುರುವಿನ ಬಾಯಿ ಕಾಯದೆ ಕಲಿಯುವವರು ತಮ್ಮ ವೇಗದಲ್ಲಿ ಸಾಗಬಹುದು. ನಿಮಗೂ ಗಂಟಲು ಉಳಿಯುತ್ತದೆ. “ಈಗ ಎಲ್ಲರೂ ಮೂರನೆಯ ಹಂತಕ್ಕೆ ಬನ್ನಿ” ಎಂಬ ಕೂಗು ಎದ್ದ ಕಡೆ ನಿರಾಳ ಎಂಬುದು ಬಾಗಿಲ ಮೇಲಿನ ಹೆಸರಷ್ಟೇ.

ನೀವು ಏದುಸಿರು ಬಿಟ್ಟದ್ದಕ್ಕೆ ಬರುತ್ತೇನೆ. ಅತಿಥಿಗಳಿಗೆ ನಿರಾಳವಾಗಬೇಕಾದರೆ ನಿಮ್ಮ ಓಡಾಟವೆಲ್ಲ ಹಿಂದಿನ ದಿನವೇ ಮುಗಿದಿರಬೇಕು. ನನ್ನದೊಂದು ವಿಚಿತ್ರ ಸಲಹೆ: ಹಿಂದಿನ ದಿನ ಆ ಕೆಲಸವನ್ನು ಪೂರ್ತಿಯಾಗಿ ನಿಮ್ಮ ಎಡಗೈಯಲ್ಲಿ, ನೀವು ಎಡಚರಾದರೆ ಬಲಗೈಯಲ್ಲಿ ಮಾಡಿ ನೋಡಿ. ಎಷ್ಟು ಹೊತ್ತು ಹಿಡಿಯಿತೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಸಮಯ ಮಗುವಿಗೆ ಬೇಕು. ಎಲ್ಲಿ ನಿಮ್ಮ ತಾಳ್ಮೆ ತಪ್ಪಿತೋ ಅಲ್ಲಿಯೇ ಅದೂ ಅಳುತ್ತದೆ. ಆ ಜಾಗದ ಕೆಲಸವನ್ನು ನೀವೇ ಮೊದಲೇ ಮಾಡಿಡಿ.

ಇದೇ ಪರೀಕ್ಷೆ ನಿಮ್ಮ ಕತ್ತರಿಗಳ ಬಣ್ಣವನ್ನೂ ಬಯಲು ಮಾಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಗುತ್ತೇವೆ. ಮಕ್ಕಳ ಕೈಗೆ ಬರುವ ಕತ್ತರಿಯ ವಿಷಯದಲ್ಲಿ ಬಹುಪಾಲು ನೆಲವೇ ಡೊಂಕು. ಮೊಂಡ ಕತ್ತರಿ ಕಾಗದವನ್ನು ಕತ್ತರಿಸದೆ ಮಡಿಸಿಬಿಡುತ್ತದೆ. ಹತ್ತರಲ್ಲಿ ಒಬ್ಬರು ಎಡಚರು. ಬಲಗೈಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳಿನ ಒತ್ತಡಕ್ಕೆ ಅಲಗುಗಳು ಕೂಡಿಕೊಳ್ಳುವ ಬದಲು ದೂರ ಸರಿಯುತ್ತವೆ, ಕತ್ತರಿಸಬೇಕಾದ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ಎಡಚರ ಕತ್ತರಿ ಎರಡಾದರೂ ಇರಲಿ. ರಟ್ಟಿಗೂ ಒಂದು ದಿಕ್ಕಿದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ಕಡೆ ಮಲಗಿರುತ್ತವೆ. ಮೆಲ್ಲಗೆ ಎರಡೂ ಕಡೆ ಬಾಗಿಸಿ ನೋಡಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ. ಮಡಿಕೆ ಆ ಕಡೆಗೆ ಬರುವಂತೆ ಕತ್ತರಿಸಿಟ್ಟರೆ ಅಂಚು ಸೀಳುವುದಿಲ್ಲ. ನಿಮ್ಮ ಗೂಬೆಗಳ ರೆಕ್ಕೆ ಒಡೆದದ್ದಕ್ಕೆ ಇದೇ ಕಾರಣವಿರಬಹುದು.

ಅಪಾಯದ ಮಾತು ಚಿಕ್ಕದಾಗಿ: ಕಡಿಮೆ ಶಾಖದ್ದು ಎನ್ನುವ ಅಂಟಿನ ಗನ್ ಕೂಡ 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಅದು ನಿಮ್ಮ ಕೈಯಲ್ಲಿ ಮಾತ್ರ ಇರಲಿ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಜೊತೆಗೆ ಬರುವುದಾದರೆ ಮಣಿ, ಗುಂಡಿ, ಸಣ್ಣ ಅಯಸ್ಕಾಂತ ಯಾವುದೂ ಆ ದಿನ ಹೊರಗೆ ಬರಬಾರದು.

ಪ್ರಮಾಣಪತ್ರಕ್ಕೆ ನನ್ನ ವಿರೋಧವಿದೆ, ಮತ್ತು ಇದು ಬರೀ ಮುದುಕನ ಹಟವಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಒಂದು ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಚಿನ್ನದ ನಕ್ಷತ್ರ, ಕೆಂಪು ಪಟ್ಟಿ ಇರುವ ಪ್ರಮಾಣಪತ್ರ ಸಿಗುತ್ತದೆ ಎಂದು ಮುಂಚೆಯೇ ಹೇಳಿದರು. ಎರಡನೆಯದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರದ ಬಳಿಕ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವನ್ನು ಮುಟ್ಟಿದರು. ಆಟವಾಗಿದ್ದದ್ದು ಕೂಲಿಯಾಗಿತ್ತು. ನಿಮ್ಮ ಮೇಜಿಗೆ ಬರುವವರು ತಾವಾಗಿ ಬಂದವರು, ಅವರಿಗೆ ಕೂಲಿ ಗೊತ್ತು ಮಾಡುವುದೇಕೆ?

ಆದರೆ ಮುಗಿಸಿದ ವಸ್ತು ಕೈಯಲ್ಲಿರುವುದು ಬೇರೆ ವಿಷಯ, ಅದು ಬೇಕೇ ಬೇಕು. ತಾವೇ ಮಾಡಿದ್ದರ ಮೇಲೆ ಜನರಿಗಿರುವ ಮೋಹವನ್ನು, ಕೊಂಡವರೇ ಜೋಡಿಸಿಕೊಳ್ಳಬೇಕಾದ ಪೀಠೋಪಕರಣ ಮಾರುವ ಕಂಪನಿಯ ಹೆಸರಿನಿಂದ, ಐಕಿಯಾ ಪರಿಣಾಮ ಎನ್ನುತ್ತಾರೆ. 2012ರಲ್ಲಿ ಆ ಹೆಸರಿನಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕಾಗದದ ಕೊಕ್ಕರೆ, ಕಪ್ಪೆ ಮಡಿಸಿದವರು ತಮ್ಮ ಸೊಟ್ಟ ಕೃತಿಗೆ ಹೊರಗಿನವರು ಕಟ್ಟಿದ ಬೆಲೆಯ ಹಲವು ಪಟ್ಟು ಕೊಡಲು ಸಿದ್ಧರಿದ್ದರು, ಹೆಚ್ಚೂಕಡಿಮೆ ಪರಿಣತರು ಮಡಿಸಿದ್ದಕ್ಕೆ ಸಮನಾಗಿ. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದವರಲ್ಲಿ ಮಾತ್ರ ಆ ಮೋಹ ಹುಟ್ಟಲಿಲ್ಲ. ನಿಮ್ಮ ಆ ಮೂವರು ತಂದೆತಾಯಿಯರು ಗೂಬೆ ಮುಗಿಸಿಕೊಟ್ಟದ್ದು ಇದೇ ಭಯಕ್ಕೆ ಎಂದು ತೋರುತ್ತದೆ. ಅದಕ್ಕೆ ಮದ್ದು ಕೆಲಸವನ್ನು ಚಿಕ್ಕದು ಮಾಡುವುದು. ಎರಡು ಗಂಟೆಯ ಕೂಟಕ್ಕೆ ನಲವತ್ತು ನಿಮಿಷದ ಕೆಲಸ ಆರಿಸಿ. ಉಳಿದ ಹೊತ್ತು ಹರಟೆಗೆ, ಎರಡನೆಯ ಪ್ರತಿಗೆ, ಅಂಗೈ ನೋಡುತ್ತ ಸುಮ್ಮನೆ ಕೂರುವುದಕ್ಕೆ. ಮುಗಿಯಲು ಹತ್ತು ನಿಮಿಷ ಇರುವಾಗ ಒಮ್ಮೆ ಹೇಳಿ. ಹೊಲಿಗೆ ಉಳಿದವರಿದ್ದರೆ ಬೆರಳಷ್ಟಲ್ಲ, ಮೊಳದಷ್ಟು ದಾರ ಬಿಟ್ಟು, ಸೂಜಿಯನ್ನು ಬಟ್ಟೆಗೇ ಭದ್ರವಾಗಿ ಚುಚ್ಚಿ ದೊಡ್ಡವರ ಕೈಗೆ ಕೊಟ್ಟು ಕಳುಹಿಸಿ.

ಆ ಹುಡುಗನನ್ನು ಖಂಡಿತ ಕರೆಯಿರಿ. ಎಲ್ಲರಿಗಿಂತ ಹದಿನೈದು ನಿಮಿಷ ಮೊದಲು ಬರಲು ಹೇಳಿ, ಕಾಗದ ಹಂಚುವುದು, ಸೋಪಿನ ನೀರು ಬೆಚ್ಚಗಿದೆಯೇ ಎಂದು ನೋಡುವುದು ಅವನ ಪಾಲಿಗಿರಲಿ. ಹಳೆಯ ಗೂಬೆಯ ಮಾತು ಎತ್ತಬೇಡಿ. ಗೋಡೆಯ ಮೇಲಿನದನ್ನು ಅವನು ಬರುವ ಮೊದಲೇ ಕಿತ್ತಿಡಿ.

— ಸಂ.