ಬ್ರೆಡ್ ಪುಡಿ, ಹಿಟ್ಟು ಇಲ್ಲದೆ ಖಾರವಾದ ಮಾಂಸದ ಉಂಡೆ ಮಾಡುವುದು ಹೇಗೆ?

‘ಧಾನ್ಯ ಬೇಡ’ ಎಂದು ನಿಮಗೆ ಯಾರೋ ಹೇಳಿರುವುದರಿಂದ, ಗೋಧಿ, ಅಕ್ಕಿ, ಜೋಳ, ಬ್ರೆಡ್ ಪುಡಿ ಇವುಗಳಲ್ಲಿ ಯಾವುದನ್ನೂ ಸೇರಿಸದೆ ಖಾರವಾದ ಮಾಂಸದ ಉಂಡೆಗಳನ್ನು ಮನೆಯಲ್ಲಿ ಮಾಡಬಹುದೇ, ಮಾಡಿದರೆ ಅವು ಒಡೆಯದೆ ನಿಲ್ಲುತ್ತವೆಯೇ ಎಂದು ನೀವು ಕೇಳಿದ್ದೀರಿ. ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಮಾಡುವ ಕೈಮ ಉಂಡೆಯೇ ಇದಕ್ಕೆ ಉತ್ತರ (ಕೈಮ ಎಂದರೆ ಸಣ್ಣಗೆ ಕೊಚ್ಚಿದ ಮಾಂಸ). ಅದಕ್ಕೆ ಹಾಕುವುದು ಹುರಿಗಡಲೆಯ ಪುಡಿಯೇ ಹೊರತು ಹಿಟ್ಟಲ್ಲ. ಆದ್ದರಿಂದ ಬ್ರೆಡ್ಡಿನ ಬದಲಿಗೆ ಏನು ಹಾಕಬೇಕೆಂದು ಹುಡುಕುವ ಶ್ರಮ ನಿಮಗಿಲ್ಲ.

ಆದರೆ ಒಂದು ವಿಷಯವನ್ನು ಮೊದಲೇ ಖಚಿತಪಡಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಬೇಳೆಕಾಳುಗಳನ್ನೂ ದ್ವಿದಳ ಧಾನ್ಯ ಎನ್ನುವುದರಿಂದ, ‘ಧಾನ್ಯ ಬೇಡ’ ಎಂದು ನಿಮಗೆ ಹೇಳಿದವರ ಮನಸ್ಸಿನಲ್ಲಿ ಕಡಲೆಯೂ ಇತ್ತೋ ಇಲ್ಲವೋ ಎಂದು ಕೇಳಿ ತಿಳಿಯಬೇಕು. ಏಕದಳ ಧಾನ್ಯಗಳು (ಗೋಧಿ, ಅಕ್ಕಿ, ಜೋಳ, ರಾಗಿಯಂಥವು) ಮಾತ್ರ ನಿಷಿದ್ಧವಾಗಿದ್ದರೆ ಹುರಿಗಡಲೆ (ಉತ್ತರ ಕರ್ನಾಟಕದವರ ಪುಟಾಣಿ) ನಿಮಗೆ ಸಲ್ಲುತ್ತದೆ. ಕಾಳುಗಳೂ ಬೇಡವೆಂದಾದರೆ ಅರ್ಧ ಕಿಲೋ ಮಾಂಸಕ್ಕೆ ಒಂದು ಸಣ್ಣ ಮೊಟ್ಟೆ ಮತ್ತು ಮೂರು ಚಮಚ ಬಾದಾಮಿ ಪುಡಿ ಸೇರಿಸಬಹುದು. ಉಂಡೆ ನಿಲ್ಲುತ್ತದೆ, ಆದರೆ ಹುರಿಗಡಲೆ ಕೊಡುವ ಹುರಿದ ಪರಿಮಳ ಅದರಲ್ಲಿ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಂಡೆ ಒಡೆಯುವುದು ಹಿಟ್ಟಿನ ಕೊರತೆಯಿಂದಲ್ಲ, ಬಹುಮಟ್ಟಿಗೆ ನೀರು ಹೆಚ್ಚಾಗುವುದರಿಂದ. ಮೊದಲ ಸಲ ಮಾಡಿದಾಗ ನಾನು ಅಂಗಡಿಯಿಂದ ತಂದ ಕೈಮವನ್ನು ಜರಡಿಯಲ್ಲಿಟ್ಟು ಚೆನ್ನಾಗಿ ತೊಳೆದು, ಹಸಿ ಈರುಳ್ಳಿಯನ್ನೂ ಹೆಚ್ಚಿ ಹಾಕಿದ್ದೆ. ಕುದಿಯುವ ಸಾರಿಗೆ ಬಿಟ್ಟ ಹತ್ತು ನಿಮಿಷದಲ್ಲಿ ಒಂದು ಉಂಡೆಯೂ ಉಳಿಯಲಿಲ್ಲ; ಮನೆಯವರು ಅದನ್ನು ಕೈಮ ಸಾರು ಎಂದು ಕರೆದು ಊಟ ಮುಗಿಸಿದರು. ಅಂದಿನಿಂದ ನಾನು ಮಾಂಸವನ್ನು ತುಂಡುಗಳಾಗಿಯೇ ತಂದು, ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಆಮೇಲೆ ಮಿಕ್ಸಿಯಲ್ಲಿ ತಿರುವಿಕೊಳ್ಳುತ್ತೇನೆ. ತೊಡೆ ಅಥವಾ ಮುಂಗಾಲಿನ ಮಾಂಸಕ್ಕೆ ಸ್ವಲ್ಪ ಕೊಬ್ಬನ್ನೂ ಸೇರಿಸಿಕೊಡುವಂತೆ ಕೇಳಿ. ಬರಿಯ ಕೆಂಪು ಮಾಂಸದ ಉಂಡೆ ಬೆಂದ ಮೇಲೆ ಬಿರುಸಾಗುತ್ತದೆ.

ಅರ್ಧ ಕಿಲೋ ಕೈಮಕ್ಕೆ ಮಸಾಲೆಯ ಲೆಕ್ಕ ಹೀಗಿದೆ. ಹತ್ತು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಗುಂಟೂರು ಮೆಣಸಿನಕಾಯಿ, ಎರಡು ದೊಡ್ಡ ಚಮಚ ಧನಿಯ, ಒಂದಿಂಚು ಚಕ್ಕೆ, ನಾಲ್ಕು ಲವಂಗ ಮತ್ತು ಒಂದು ಚಮಚ ಗಸಗಸೆಯನ್ನು ಬೇರೆಬೇರೆಯಾಗಿ ಹುರಿದು, ಕಂದುಬಣ್ಣಕ್ಕೆ ಬಾಡಿಸಿದ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಮತ್ತು ಅರ್ಧ ಬಟ್ಟಲು ತೆಂಗಿನ ತುರಿಯೊಡನೆ ಆದಷ್ಟು ಕಡಿಮೆ ನೀರಿನಲ್ಲಿ ರುಬ್ಬಬೇಕು. ಬ್ಯಾಡಗಿಯಿಂದ ಬರುವುದು ಬಣ್ಣ, ಖಾರ ಗುಂಟೂರಿನದು. ನಿಮಗೆ ಖಾರವೇ ಮುಖ್ಯವಾದ್ದರಿಂದ ಗುಂಟೂರನ್ನು ಆರಕ್ಕೆ ಏರಿಸಿ, ಮಾಂಸಕ್ಕೆ ಸಣ್ಣಗೆ ಹೆಚ್ಚಿದ ಎರಡು ಹಸಿಮೆಣಸಿನಕಾಯಿಯನ್ನೂ ಅರ್ಧ ಚಮಚ ಕಾಳುಮೆಣಸಿನ ಪುಡಿಯನ್ನೂ ಹಾಕಿ. ತೆಂಗಿನಕಾಯಿ ಮತ್ತು ಕೊಬ್ಬು ಎರಡೂ ಖಾರವನ್ನು ತಗ್ಗಿಸುತ್ತವೆ, ಹಾಗಾಗಿ ರುಬ್ಬಿದಾಗ ನಾಲಿಗೆಗೆ ತುಸು ಹೆಚ್ಚೆನಿಸುವ ಮಸಾಲೆಯೇ ಉಂಡೆಯಲ್ಲಿ ಹದವಾಗಿರುತ್ತದೆ. ಗಸಗಸೆಯನ್ನು ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ನಿಷೇಧಿಸಿದ್ದಾರೆ. ದುಬೈಯಲ್ಲಿರುವ ಕನ್ನಡಿಗರು ಅದನ್ನು ಊರಿನಿಂದ ಕಟ್ಟಿಕೊಂಡು ಹೋಗುವ ಬದಲು ನಾಲ್ಕೈದು ಗೋಡಂಬಿ ಬಳಸುವುದು ಕ್ಷೇಮ.

ರುಬ್ಬಿದ ಮಸಾಲೆಯಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಮಾತ್ರ ಕೈಮಕ್ಕೆ ಸೇರಿಸಿ, ಉಳಿದದ್ದನ್ನು ಸಾರಿಗೆ ಇಟ್ಟುಕೊಳ್ಳಿ. ಕೈಮಕ್ಕೆ 40 ಗ್ರಾಂ ಹುರಿಗಡಲೆ ಪುಡಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಮತ್ತು ಸಬ್ಬಸಿಗೆ ಸೊಪ್ಪು, ಏಳೆಂಟು ಗ್ರಾಂ ಉಪ್ಪು ಹಾಕಿ ನಾಲ್ಕೈದು ನಿಮಿಷ ಚೆನ್ನಾಗಿ ನಾದಬೇಕು. ಈ ನಾದುವಿಕೆಯನ್ನು ಅನೇಕರು ಕಡೆಗಣಿಸುತ್ತಾರೆ. ಉಪ್ಪು ಮಾಂಸದ ಪ್ರೋಟೀನಿನ ಒಂದು ಭಾಗವನ್ನು ಕರಗಿಸಿ ಅಂಟಾಗಿಸುತ್ತದೆ, ಬಿಸಿ ತಾಗಿದಾಗ ಆ ಅಂಟು ಬಲೆಯಂತೆ ಗಟ್ಟಿಯಾಗಿ ಉಂಡೆಯನ್ನು ಹಿಡಿದಿಡುತ್ತದೆ. ಹುರಿಗಡಲೆಯ ಕೆಲಸ ಮಿಕ್ಕ ತೇವವನ್ನು ಹೀರಿ ಉಂಡೆಯನ್ನು ಮೃದುವಾಗಿಡುವುದು. ಮಿಶ್ರಣ ಅಂಗೈಗೆ ಅಂಟತೊಡಗಿದರೆ ಸಾಕಷ್ಟು ನಾದಿದಂತಾಯಿತು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕೈಗೆ ಎಣ್ಣೆ ಸವರಿಕೊಂಡು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಸುಮಾರು ಇಪ್ಪತ್ತು ಉಂಡೆಗಳಾಗುತ್ತವೆ.

ಉಳಿದ ಮಸಾಲೆಯನ್ನು ಒಗ್ಗರಣೆಯಲ್ಲಿ ಬಾಡಿಸಿ, ನೀರು ಮತ್ತು ಉಪ್ಪು ಹಾಕಿ, ಸಾರು ಕುದಿ ಬಂದ ಮೇಲೆ ಮೊದಲು ಒಂದೇ ಒಂದು ಉಂಡೆಯನ್ನು ಬಿಟ್ಟು ಐದು ನಿಮಿಷ ನೋಡಿ. ಅದು ಬಿರಿದರೆ ಉಳಿದ ಮಿಶ್ರಣಕ್ಕೆ ಇನ್ನೊಂದು ಚಮಚ ಹುರಿಗಡಲೆ ಪುಡಿ ಸೇರಿಸಲು ಅವಕಾಶವಿರುತ್ತದೆ, ಅದು ಪೂರ್ತಿ ಬೆಂದ ಮೇಲೆ ಖಾರ ಮತ್ತು ಉಪ್ಪಿನ ರುಚಿಯನ್ನೂ ನೋಡಬಹುದು. ಎಲ್ಲವನ್ನೂ ಬಿಟ್ಟ ಮೇಲೆ ಸೌಟು ಹಾಕಬೇಡಿ. ಪಾತ್ರೆಯ ಅಂಚು ಹಿಡಿದು ಮೆಲ್ಲನೆ ಕುಲುಕಿ, ಉರಿ ತಗ್ಗಿಸಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಯಿಸಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಉಂಡೆಯ ನಡುಭಾಗ ಕನಿಷ್ಠ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು, ಕೋಳಿಯ ಕೈಮವಾದರೆ 74. ಎಣ್ಣೆಯಲ್ಲಿ ಹುರಿಯಲು ಇಷ್ಟಪಡುವವರು ಉರಿಯನ್ನು ಮಧ್ಯಮದಲ್ಲಿಡಬೇಕು, ಏಕೆಂದರೆ ಹುರಿಗಡಲೆಯಿಂದಾಗಿ ಹೊರಮೈ ಬೇಗ ಕಪ್ಪಾಗಿ ಒಳಗೆ ಹಸಿಯಾಗಿಯೇ ಉಳಿಯುವುದುಂಟು.

ಧಾನ್ಯ ಗೊತ್ತಿಲ್ಲದಂತೆ ಒಳಸೇರುವ ಎರಡು ದಾರಿಗಳಿವೆ. ಅಂಗಡಿಯ ಇಂಗಿಗೆ ಬಹಳ ಸಲ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಒಗ್ಗರಣೆಗೆ ಹಾಕುವ ಮುನ್ನ ಡಬ್ಬಿಯ ಮೇಲಿನ ಪಟ್ಟಿಯನ್ನು ಓದಿ. ಹುರಿಗಡಲೆಯನ್ನು ಗಿರಣಿಗೆ ಕೊಟ್ಟರೆ ಹಿಂದಿನವರ ಗೋಧಿ ಅದರಲ್ಲಿ ಬೆರೆಯುತ್ತದೆ, ಮನೆಯ ಮಿಕ್ಸಿಯಲ್ಲಿಯೇ ಪುಡಿಮಾಡಿಕೊಳ್ಳಿ. ನಮ್ಮಲ್ಲಿ ಈ ಸಾರಿಗೆ ಮುದ್ದೆಯೇ ಜೊತೆ, ಆದರೆ ರಾಗಿಯೂ ನಿಮಗೆ ನಿಷಿದ್ಧ. ಆದ್ದರಿಂದ ನೀರನ್ನು ಅರ್ಧಕ್ಕಿಳಿಸಿ ಸಾರನ್ನು ಗೊಜ್ಜಿನ ಹದಕ್ಕೆ ತಂದು, ಬೇಯಿಸಿದ ಆಲೂಗಡ್ಡೆಯ ಮೇಲೆ ಉಂಡೆಗಳನ್ನಿಟ್ಟು ನಿಂಬೆರಸ ಹಿಂಡಿಕೊಂಡು ತಿನ್ನಿ.