ಓದುಗರ ಪ್ರಶ್ನೆ: ಹೆಸರು ಹಿಡಿದು ಸ್ತೋತ್ರ ಹೇಳುವುದು ಹೇಗೆ?

ಪ್ರಶ್ನೆ: ರಾತ್ರಿಯ ಮನೆ ಪ್ರಾರ್ಥನೆಯಲ್ಲಿ ಬೇರೆಯವರಿಗಾಗಿ ಸಾಕಷ್ಟು ಬೇಡಿಕೊಳ್ಳುತ್ತೇವೆ. ಆದರೆ ಸ್ತೋತ್ರ, ಅಂದರೆ ಅವರಿಗಾಗಿ ದೇವರಿಗೆ ಹೇಳುವ ಕೃತಜ್ಞತೆ, ‘ಎಲ್ಲರಿಗಾಗಿ ಸ್ತೋತ್ರ ಸ್ವಾಮಿ’ ಎನ್ನುವ ಒಂದೇ ಮಾತಿಗೆ ಮುಗಿದುಹೋಗುತ್ತದೆ. ಇದಕ್ಕೊಂದು ಕ್ರಮ ಇದೆಯೇ?
– ಗೃಹಿಣಿ, ಬಂಗಾರಪೇಟೆ

ಉತ್ತರ: ಇದೆ. ಬೈಬಲಿನಲ್ಲಿ ಯೇಸುವಿನ ಅಪೊಸ್ತಲ ಪೌಲ ಫಿಲಿಪ್ಪಿ ಪಟ್ಟಣದ ಕ್ರೈಸ್ತರಿಗೆ ಬರೆದ ಪತ್ರದ ಮೊದಲ ಅಧ್ಯಾಯ ತೆರೆದು ನೋಡಿ. ಪೌಲ 3ನೇ ವಚನದಲ್ಲಿ ಸ್ತೋತ್ರ ಶುರುಮಾಡುತ್ತಾನೆ, ಬೇಡಿಕೆಗೆ ಬರುವುದು 9ನೇ ವಚನಕ್ಕೆ. ಸ್ತೋತ್ರಕ್ಕೆ ಕಾರಣವನ್ನೂ ಹೇಳುತ್ತಾನೆ: ಮೊದಲ ದಿನದಿಂದಲೂ ಅವರು ಸುವಾರ್ತೆಯ, ಅಂದರೆ ಯೇಸುವಿನ ಶುಭಸಂದೇಶದ, ಕೆಲಸದಲ್ಲಿ ಪಾಲುಗಾರರಾಗಿದ್ದರು. ಇನ್ನೊಂದು ಪತ್ರದಲ್ಲಿ, ಥೆಸಲೊನೀಕ ಪಟ್ಟಣದ ಕ್ರೈಸ್ತರ ವಿಷಯದಲ್ಲಿ ಅವನು ನೆನೆಯುವುದು ಅವರ ನಂಬಿಕೆಯನ್ನು, ಪ್ರೀತಿಯಿಂದ ಪಟ್ಟ ಶ್ರಮವನ್ನು, ನಿರೀಕ್ಷೆಯಿಂದ ಬಂದ ತಾಳ್ಮೆಯನ್ನು. ಒಬ್ಬೊಬ್ಬರಿಗೂ ಕಾರಣ ಬೇರೆ.

ಮನೆಯಲ್ಲಿ ದಿನಕ್ಕೆ ಮೂರು ಹೆಸರು ಸಾಕು. ಹತ್ತಾದರೆ ಅದು ಹಾಜರಿ ಕರೆದಂತೆ. ಮೊದಲು ಹೆಸರು, ಆಮೇಲೆ ಅವರು ಮಾಡಿದ ಒಂದು ಕೆಲಸ, ಆಮೇಲೆ ಅದರಲ್ಲಿ ನಿಮಗೆ ಕಂಡ ದೇವರ ಕೃಪೆ. ಬೇಡಿಕೆ ಇದ್ದರೆ ಕೊನೆಗೆ. ಹೀಗೆ ಹೇಳಬಹುದು: ‘ಕರ್ತನೇ, ಮಂಗಳವಾರ ಅತ್ತೆಯವರನ್ನು ಡಯಾಲಿಸಿಸ್‌ಗೆ ಆಟೋದಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋಗಿ, ಮುಗಿಯುವವರೆಗೂ ಹೊರಗೇ ಕಾದು ಕೂತಿದ್ದ ಎದುರುಮನೆ ಅಣ್ಣನಿಗಾಗಿ ನಿನಗೆ ಸ್ತೋತ್ರ. ನಮ್ಮ ಕೈಸೋತಾಗ ನೀನೇ ಅವರನ್ನು ಕಳುಹಿಸಿದೆ.’ ಇಲ್ಲಿ ಸ್ತೋತ್ರ ಸಲ್ಲುವುದು ದೇವರಿಗೆ. ಆ ಅಣ್ಣನಿಗೆ ನೀವು ಬೇರೆಯಾಗಿ ಥ್ಯಾಂಕ್ಸ್ ಹೇಳಬೇಕು. ಪೌಲ ತನ್ನ ಸ್ತೋತ್ರವನ್ನು ಪತ್ರದಲ್ಲಿ ಬರೆದು ಅವರಿಗೇ ತಿಳಿಸಿದ. ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ.

ಸಾಮಾನ್ಯವಾಗಿ ತಪ್ಪುವುದು ಎರಡನೇ ವಾಕ್ಯದಲ್ಲೇ. ‘ಮಗಳಿಗಾಗಿ ಸ್ತೋತ್ರ’ ಎಂದವರು ಉಸಿರು ಬಿಡುವ ಮೊದಲೇ ‘ಅವಳಿಗೆ ಒಳ್ಳೆಯ ಬುದ್ಧಿ ಕೊಡು’ ಎನ್ನುತ್ತಾರೆ. ಪಕ್ಕದಲ್ಲೇ ಕೂತ ಮಗಳಿಗೆ ಅದು ಬುದ್ಧಿವಾದವಾಗಿ ಕೇಳಿಸುತ್ತದೆ. ಅಭ್ಯಾಸವಾಗುವವರೆಗೆ ವಾರದಲ್ಲಿ ಒಂದು ರಾತ್ರಿ ಬೇಡಿಕೆಯನ್ನು ಪೂರ್ತಿ ಬಿಟ್ಟು ಬರೀ ಸ್ತೋತ್ರ ಹೇಳಿ ನೋಡಿ. ಮಕ್ಕಳಿಗೂ ಒಂದೊಂದು ಹೆಸರು ಕೊಡಿ. ಕಾರಣವನ್ನು ಅವರೇ ಹುಡುಕಲಿ.

ಪ್ರಶ್ನೆ: ನಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರ ಜೊತೆ ಲೆಕ್ಕಪತ್ರದ ವಿಷಯದಲ್ಲಿ ಮನಸ್ತಾಪವಾಗಿದೆ. ಅವರಿಗಾಗಿ ಸ್ತೋತ್ರ ಹೇಳಿದರೆ ಕಪಟವಾಗುವುದಿಲ್ಲವೇ?
– ಓದುಗರು, ಗೌರಿಬಿದನೂರು

ಉತ್ತರ: ಇಲ್ಲದ ಗುಣವನ್ನು ಇದೆ ಎಂದರೆ ಕಪಟವೇ. ಕೊರಿಂಥದ ಸಭೆಯಲ್ಲಿ ಗುಂಪುಗಾರಿಕೆಯಿತ್ತು, ಸಹೋದರರೇ ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಆದರೂ ಅವರಿಗೆ ಬರೆದ ಮೊದಲ ಪತ್ರವನ್ನು ಪೌಲ ಸ್ತೋತ್ರದಿಂದಲೇ ಆರಂಭಿಸುತ್ತಾನೆ. ಯಾತಕ್ಕಾಗಿ ಎಂದು ಗಮನಿಸಿ: ಅವರಿಗೆ ಸಿಕ್ಕ ಕೃಪೆಗಾಗಿ, ಅವರ ಮಾತು ಮತ್ತು ಜ್ಞಾನಕ್ಕಾಗಿ. ಥೆಸಲೊನೀಕದವರಲ್ಲಿ ಮೆಚ್ಚಿಕೊಂಡ ಪ್ರೀತಿಯ ಸುದ್ದಿಯನ್ನು ಇಲ್ಲಿ ಎತ್ತುವುದಿಲ್ಲ. ಅದೇ ಪತ್ರದ 13ನೇ ಅಧ್ಯಾಯದಲ್ಲಿ ಅದನ್ನೇ ಅವರಿಗೆ ಕಲಿಸುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಂತೂ ಅವರಿಗಾಗಿ ಸ್ತೋತ್ರವೇ ಇಲ್ಲ, ನೇರ ಆಕ್ಷೇಪಣೆ.

ಹಾಗಾಗಿ ನಿಮ್ಮ ಕಣ್ಣಿಗೆ ಕಂಡ ಒಂದು ನಿಜ ಹುಡುಕಿ. ಅವರು ಭಾನುವಾರ ಎಲ್ಲರಿಗಿಂತ ಮೊದಲು ಬಂದು ದೇವಾಲಯದ ಬಾಗಿಲು ತೆಗೆದು ಬೆಂಚು ಒರೆಸುವವರಾದರೆ ಅಷ್ಟಕ್ಕೇ ಸ್ತೋತ್ರ ಹೇಳಿ, ಅಲ್ಲಿಗೆ ನಿಲ್ಲಿಸಿ. ಲೆಕ್ಕದ ಪ್ರಶ್ನೆಯನ್ನು ಕಮಿಟಿಯಲ್ಲಿ ಕೇಳಿ, ಪ್ರಾರ್ಥನೆಯಲ್ಲಿ ಸುತ್ತಿ ಬಳಸಿ ತರಬೇಡಿ. ಅನ್ಯಾಯ, ಹೊಡೆತ, ಮೋಸ – ಇವುಗಳಿಗಾಗಿ ಸ್ತೋತ್ರ ಹೇಳಬೇಕೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಲೇಬೇಡಿ. ‘ಅವರಂತೆ ನನ್ನನ್ನು ಮಾಡಲಿಲ್ಲ, ಸ್ತೋತ್ರ’ ಎಂದು ಮನಸ್ಸು ಜಾರುವುದೂ ಉಂಟು. ಬೈಬಲಿನ ಲೂಕ 18ರಲ್ಲಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನು ತೆರಿಗೆ ವಸೂಲಿ ಮಾಡುವ ಸುಂಕದವನನ್ನು ತೋರಿಸಿ ಮಾಡಿದ ಪ್ರಾರ್ಥನೆ ಅದೇ.

ಪ್ರಶ್ನೆ: ನಮಗೆ ಕಷ್ಟದಲ್ಲಿ ನೆರವಾದವರು ಹಿಂದೂ, ಮುಸ್ಲಿಂ ನೆರೆಯವರು. ಪ್ರಾರ್ಥನೆಯಲ್ಲಿ ಅವರ ಹೆಸರು ತೆಗೆಯಬಹುದೇ?
– ರೇಷ್ಮೆ ಕೆಲಸಗಾರರು, ಶಿಡ್ಲಘಟ್ಟ

ಉತ್ತರ: ಧಾರಾಳವಾಗಿ. ಬೈಬಲಿನ 1 ತಿಮೊಥೆಯ 2:1 ಎಲ್ಲಾ ಮನುಷ್ಯರಿಗಾಗಿ ಬೇಡಿಕೆಯನ್ನು ಮಾತ್ರವಲ್ಲ, ಕೃತಜ್ಞತಾಸ್ತುತಿಯನ್ನೂ ಮಾಡಬೇಕೆನ್ನುತ್ತದೆ. ‘ಅವರು ಬದಲಾಗಲಿ’ ಎಂಬ ಬಾಲವನ್ನು ಅದಕ್ಕೆ ಅಂಟಿಸಬೇಡಿ.

ಪ್ರಶ್ನೆ: ಮನೆಕೂಟದಲ್ಲಿ ಪ್ರಾರ್ಥನೆ ನಡೆಸುವ ಸರದಿ ನನ್ನದು. ಏನು ಎಚ್ಚರ ಬೇಕು?
– ಕಾಲೇಜು ವಿದ್ಯಾರ್ಥಿ, ಕೆಜಿಎಫ್

ಉತ್ತರ: ಗುಟ್ಟು ಬಯಲಾಗದಂತೆ ನೋಡಿಕೊಳ್ಳಿ. ‘ಅಕ್ಕನ ಸಾಲ ತೀರಿತು, ಸ್ತೋತ್ರ’ ಎಂದರೆ ಸಾಲವಿತ್ತೆಂದು ಇಡೀ ಕೂಟಕ್ಕೆ ಗೊತ್ತಾಯಿತು. ಕಾಯಿಲೆ, ಗರ್ಭ, ಹಣ, ಮದುವೆ ಮಾತುಕತೆ – ಇವುಗಳನ್ನು ಹೇಳುವ ಮೊದಲು ಅವರನ್ನೇ ಕೇಳಿ. ಬೇಡವೆಂದರೆ ಹೆಸರು ಮಾತ್ರ ಸಾಕು. ಕಾಣಿಕೆ ಕೊಟ್ಟವರನ್ನೂ ಪಾಸ್ಟರನ್ನೂ ಹೊಗಳುತ್ತಾ ಹೋದರೆ ಅದು ಸನ್ಮಾನ ಸಮಾರಂಭವಾಗುತ್ತದೆ. ಚಾಪೆ ಹಾಸಿದವರನ್ನು, ಟೀ ಕಾಯಿಸಿದವರನ್ನು, ಕೂಟ ಮುಗಿದ ಮೇಲೆ ಅಜ್ಜಿಯಂದಿರನ್ನು ಮನೆ ಮುಟ್ಟಿಸುವವರನ್ನು ಮೊದಲು ನೆನೆಯಿರಿ. ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಲು ಸಂಕೋಚ ಬೇಡ. ಒಟ್ಟು ಮೂರು ನಾಲ್ಕು ನಿಮಿಷ ಇರಲಿ, ನಡುವೆ ಸ್ವಲ್ಪ ಮೌನ ಬಿಡಿ. ಉಳಿದವರೂ ತಮ್ಮ ತಮ್ಮ ಹೆಸರುಗಳನ್ನು ಸೇರಿಸಲಿ.